ಸಿಗ್ನಲ್ ಇಲ್ಲದ ತೋಟದಲ್ಲಿ ಮಾಹಿತಿ ಎಲ್ಲಿರಬೇಕು?

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ತಮ್ಮ ಸರ್ವೆ ನಂಬರಿನ ಜಾಗದಲ್ಲಿ ನಿಂತು, ಬೆಳೆ ಯಾವುದು, ವಿಸ್ತೀರ್ಣ ಎಷ್ಟು ಎಂದು ನಮೂದಿಸಿ, ಫೋಟೊ ತೆಗೆದು ಕಳುಹಿಸಬೇಕು. ದಕ್ಷಿಣ ಕನ್ನಡದ ಸುಳ್ಯ ತಾಲೂಕಿನ ಕೊಲ್ಲಮೊಗ್ರದಲ್ಲೋ ಹರಿಹರ ಪಳ್ಳತ್ತಡ್ಕದಲ್ಲೋ ತೋಟಕ್ಕಿಳಿದವರಿಗೆ ನಮೂದಿಸುವುದು, ಫೋಟೊ ತೆಗೆಯುವುದು ಕಷ್ಟವಲ್ಲ. ಜಾಗ ಗುರುತಿಸುವ ಜಿಪಿಎಸ್‌ಗೂ ಇಂಟರ್‌ನೆಟ್ ಬೇಕಿಲ್ಲ, ಉಪಗ್ರಹದ ಸಂಕೇತ ಸಿಕ್ಕಿದರೆ ಸಾಕು. ಕಷ್ಟ ಶುರುವಾಗುವುದು ಕಳುಹಿಸುವಾಗ. ತೋಟ ತಗ್ಗಿನಲ್ಲಿ, ಟವರ್ ಗುಡ್ಡೆಯ ಆಚೆ. ಮನೆಗೆ ಬರುವ ತನಕ, ಕೆಲವೊಮ್ಮೆ ಪೇಟೆಗೆ ಹೋಗುವ ತನಕ ಆ ದಾಖಲೆ ಫೋನಿನೊಳಗೇ ಕಾಯಬೇಕು. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದವರ ಬೆಳೆಯನ್ನು ಸಮೀಕ್ಷೆಯ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಹೀಗಾಗಿ, ಕಾಯುತ್ತಿರುವ ದಾಖಲೆಯನ್ನು ಫೋನಿನ ಯಾವ ಮೂಲೆಯಲ್ಲಿ ಇಡಬೇಕು ಎಂಬುದು ನೇರವಾಗಿ ರೈತನ ಕಿಸೆಗೆ ಸಂಬಂಧಿಸಿದ ವಿಷಯ.

ಪುತ್ತೂರು, ಸುಳ್ಯ, ಕಡಬದಲ್ಲಿ ಇದು ಯಾವುದೋ ಒಂದು ಆ್ಯಪ್‌ಗೆ ಸೀಮಿತವಾದ ಮಾತಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶ ನೋಡಿತು. ನೆಟ್‌ವರ್ಕ್ ಇರುವ ಕಡೆಗಳಲ್ಲೂ ಮಳೆಗಾಲದಲ್ಲಿ ಅದರ ಭರವಸೆಯಿಲ್ಲ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಫೋನಿನಲ್ಲಿ ಮೊದಲೇ ಉಳಿಸಿಕೊಂಡದ್ದಷ್ಟೇ ಕೈಗೆ ಸಿಗುವ ಮಾಹಿತಿ. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯ, ಹರಿಹರ, ಕೊಲ್ಲಮೊಗ್ರ ಭಾಗದಲ್ಲಿ ಮಳೆ ಸುರಿದು ಗುಡ್ಡ ಕುಸಿದಂಥ ದಿನಗಳಲ್ಲಿ ಮಾಹಿತಿಯ ಬೆಲೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ್ಯಪ್ ಬರೆಯುವವರು ಸಾಮಾನ್ಯವಾಗಿ ಯಾವ ಸಂಗ್ರಹ ವಿಧಾನ ವೇಗದ್ದು, ಯಾವುದು ಹೊಸದು ಎಂದು ವಿಚಾರಿಸುತ್ತಾರೆ. ನಮ್ಮ ಊರುಗಳಿಗೆ ಆ್ಯಪ್ ಮಾಡುವವರು ಅದಕ್ಕಿಂತ ಮೊದಲು ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಈ ಮಾಹಿತಿ ಅಳಿದರೆ ಮತ್ತೆ ಎಲ್ಲಿಂದಾದರೂ ತರಬಹುದೇ? ಇದು ಹಳತಾದರೆ ಯಾರಿಗಾದರೂ ಹಾನಿಯಾಗುತ್ತದೆಯೇ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಉಳಿದ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಆಗುತ್ತದೆ.

ಫೋನಿನೊಳಗಿನ ಜಾಗಗಳು

ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಬೇರೆಯವರು ಕೈ ಹಾಕಲಾಗದ ತನ್ನದೇ ಜಾಗ ಇರುತ್ತದೆ. ಅದರೊಳಗೆ ಕ್ಯಾಶೆ ಎಂಬ ಫೋಲ್ಡರ್ ಒಂದಿದೆ. ತಾತ್ಕಾಲಿಕ ಪ್ರತಿಗಳನ್ನು ಇಡಲೆಂದೇ ಮಾಡಿದ್ದು ಅದು. ಫೋನಿನಲ್ಲಿ ಜಾಗ ಕಡಿಮೆಯಾದರೆ ಅಲ್ಲಿರುವುದನ್ನು ವ್ಯವಸ್ಥೆಯೇ ಯಾರನ್ನೂ ಕೇಳದೆ ಅಳಿಸಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶೆ ತೆರವುಗೊಳಿಸುವ ಬಟನ್ ಒತ್ತಿದರೂ ಅದು ಹೋಗುತ್ತದೆ. ಗೂಗಲ್ ಖಾತೆಗೆ ತಾನಾಗಿ ಹೋಗುವ ಬ್ಯಾಕಪ್‌ನಲ್ಲಿಯೂ ಈ ಫೋಲ್ಡರ್ ಸೇರುವುದಿಲ್ಲ. ಐಫೋನಿನ ಕ್ಯಾಶಸ್ ಫೋಲ್ಡರಿನ ನಿಯಮವೂ ಬೇರೆಯಲ್ಲ. ವಾಟ್ಸ್‌ಆ್ಯಪ್ ವಿಡಿಯೊಗಳಿಂದ ತುಂಬಿದ ಫೋನಿನಲ್ಲಿ ಜಾಗ ಮಾಡಲು ಮನೆಯ ಮಕ್ಕಳು ಮೊದಲು ಕೈ ಹಾಕುವುದೂ ಅಲ್ಲಿಗೇ.

ಇದಲ್ಲದೆ ಉಳಿಯುವ ಜಾಗಗಳು ಮೂರು ಬಗೆಯವು. ಮೊದಲನೆಯದು ಹೆಸರು ಮತ್ತು ಮೌಲ್ಯದ ಜೋಡಿಗಳನ್ನು ಬರೆದಿಡುವ ಸಣ್ಣ ಕಡತ. ಆಂಡ್ರಾಯ್ಡ್‌ನ ಶೇರ್ಡ್ ಪ್ರಿಫರೆನ್ಸಸ್, ಅದರ ಬದಲಿಗೆ ಬಂದ ಡೇಟಾಸ್ಟೋರ್, ಐಫೋನಿನ ಯೂಸರ್ ಡಿಫಾಲ್ಟ್ಸ್ ಈ ಜಾತಿಯವು. ಅಕ್ಷರದ ಗಾತ್ರ, ಆರಿಸಿದ ಭಾಷೆ, ನೋಡಬೇಕಾದ ಮಾರುಕಟ್ಟೆ, ಕೊನೆಯ ಬಾರಿ ಮಾಹಿತಿ ತಂದ ಸಮಯ, ಇಂಥವಕ್ಕೆ ಇದು ಹೇಳಿಮಾಡಿಸಿದ್ದು. ಶೇರ್ಡ್ ಪ್ರಿಫರೆನ್ಸಸ್ ಇಡೀ ಕಡತವನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ, ಒಂದು ಮೌಲ್ಯ ಬದಲಾದರೂ ಇಡೀ ಕಡತವನ್ನು ಮತ್ತೆ ಬರೆಯುತ್ತದೆ. ಸಾವಿರ ಸಾಲಿನ ಪಟ್ಟಿಯನ್ನು ಒಂದೇ ಉದ್ದ ಪಠ್ಯವಾಗಿ ಹೊಸೆದು ಇಲ್ಲಿ ತುರುಕುವುದು ನಾನು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಆ್ಯಪ್ ಕಟ್ಟಲು ರಿಯಾಕ್ಟ್ ನೇಟಿವ್ ಬಳಸುವವರು ನೆಚ್ಚಿಕೊಳ್ಳುವ ಎಸಿಂಕ್ ಸ್ಟೋರೇಜ್‌ಗೆ ಆಂಡ್ರಾಯ್ಡ್‌ನಲ್ಲಿ ಮೊದಲೇ ಹಾಕಿಟ್ಟ ಮಿತಿ ಒಟ್ಟು 6 ಎಂಬಿ ಎನ್ನುವುದೂ ನೆನಪಿರಲಿ.

ಎರಡನೆಯದು ದತ್ತಾಂಶ ಕೋಶ. ಎರಡೂ ಬಗೆಯ ಫೋನುಗಳಲ್ಲಿ ಎಸ್‌ಕ್ಯೂಲೈಟ್ ಮೊದಲೇ ಕುಳಿತಿರುತ್ತದೆ. ಆಂಡ್ರಾಯ್ಡ್‌ನ ರೂಮ್ ಅದನ್ನೇ ಸುಲಭವಾಗಿ ಬಳಸಲು ಗೂಗಲ್ 2017ರಲ್ಲಿ ತಂದ ಹೊದಿಕೆ. ಎಸ್‌ಕ್ಯೂಲೈಟ್ ಹುಟ್ಟಿದ ಕಾರಣ ನಮ್ಮ ಕಷ್ಟಕ್ಕೆ ಬಹಳ ಹತ್ತಿರದ್ದು. ಅಮೆರಿಕದ ರಿಚರ್ಡ್ ಹಿಪ್ ನೌಕಾಪಡೆಯ ಯುದ್ಧನೌಕೆಯೊಂದರ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿದ್ದಾಗ ದತ್ತಾಂಶದ ಸರ್ವರ್ ಕೈಕೊಟ್ಟರೆ ಎಲ್ಲವೂ ನಿಲ್ಲುತ್ತಿತ್ತು. ಸರ್ವರ್ ಇಲ್ಲದೆಯೂ ನಡೆಯುವ ಕೋಶ ಬೇಕೆಂದು 2000ರಲ್ಲಿ ಅವರು ಇದನ್ನು ಬರೆದರು. ಬರೆಯುವ ಮಧ್ಯೆ ಫೋನಿನ ಬ್ಯಾಟರಿ ಸತ್ತರೂ ಅರ್ಧ ಬರೆದ ದಾಖಲೆ ಉಳಿಯುವುದಿಲ್ಲ. ಬರೆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಗುಡ್ಡೆಯ ಮೇಲೆ ಕೆಲಸ ಮಾಡುವ ಆ್ಯಪ್‌ಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಮೂರನೆಯದು ಸಾದಾ ಕಡತ. ಫೋಟೊ, ಧ್ವನಿ, ನಕ್ಷೆಗಳಿಗೆ ಇದೇ ಸರಿ. ಫೋಟೊವನ್ನೇ ಕೋಶದೊಳಗೆ ಹಾಕಿದರೆ ಆಂಡ್ರಾಯ್ಡ್‌ನಲ್ಲಿ ತೊಡಕಿದೆ. ಕೋಶದಿಂದ ಓದುವ ಕಿಂಡಿಯ ಅಗಲ ಸಾಮಾನ್ಯವಾಗಿ 2 ಎಂಬಿ. ಅದಕ್ಕಿಂತ ದೊಡ್ಡ ಸಾಲನ್ನು ಬರೆಯಲು ಸಾಧ್ಯವಾದರೂ ಓದುವಾಗ ಆ್ಯಪ್ ಬಿದ್ದುಹೋಗುತ್ತದೆ. ಫೋಟೊ ಕಡತವಾಗಿ ಇರಲಿ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಕೋಶದಲ್ಲಿ ಇರಲಿ.

ಅಳಿದರೂ ಮತ್ತೆ ಸಿಗುವುದು

ಅಡಿಕೆ ಧಾರಣೆಯನ್ನೇ ನೋಡೋಣ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಮೇಲೆ ಅದರ ಖರೀದಿ ದರ ನೋಡದೆ ಅಡಿಕೆ ಮಾರುವವರು ಈ ಕಡೆ ಕಡಿಮೆ. ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕೋಕ ಎಂದು ಆರು ಬಗೆ ಹಿಡಿಯೋಣ. ವರ್ಷಕ್ಕೆ 300 ದಿನ ದರ ಬಂದರೂ 1,800 ಸಾಲುಗಳಾದವು. ಸಾಲಿಗೆ 50 ಬೈಟ್ ಎಂದರೆ 90 ಕೆಬಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಇದರ ಹತ್ತಾರು ಪಟ್ಟು ದೊಡ್ಡದು. ಇಷ್ಟು ಚಿಕ್ಕ ಮಾಹಿತಿಯನ್ನು ಪ್ರತಿ ಸಲ ಇಂಟರ್‌ನೆಟ್‌ನಿಂದಲೇ ತರುತ್ತೇನೆಂದು ಹಟ ಹಿಡಿಯುವ ಆ್ಯಪ್ ನೆಟ್‌ವರ್ಕ್ ಇಲ್ಲದಾಗ ಖಾಲಿ ಪರದೆ ತೋರಿಸುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ವರ್ಷದ ದರ ಇಟ್ಟುಕೊಂಡು, ಪರದೆ ಯಾವಾಗಲೂ ಅಲ್ಲಿಂದಲೇ ಓದಲಿ. ನೆಟ್‌ವರ್ಕ್ ಸಿಕ್ಕಾಗ ಹಿನ್ನೆಲೆಯಲ್ಲಿ ಹೊಸ ದರ ಬಂದು ಅಲ್ಲಿಗೇ ಸೇರಲಿ. ನಿನ್ನೆಯ ಧಾರಣೆ ತೋರಿಸಿದರೆ ತಪ್ಪಿಲ್ಲ, ದಿನಾಂಕ ಮರೆಮಾಡಿ ತೋರಿಸಿದರೆ ಅದು ಮೋಸ. ದರದಷ್ಟೇ ದೊಡ್ಡ ಅಕ್ಷರದಲ್ಲಿ ದಿನಾಂಕವೂ ಇರಬೇಕು.

ಊರುಗಳ ಪಟ್ಟಿ ಇನ್ನೊಂದು ಉದಾಹರಣೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಂದು ಒಂದಾದ ಮೇಲೊಂದು ಆರಿಸುವ ಪರದೆ ಇಲ್ಲದ ಸರ್ಕಾರಿ ಆ್ಯಪ್ ಇಲ್ಲ. ಈ ಪಟ್ಟಿ ಬದಲಾಗುವುದೇ ಇಲ್ಲ ಎಂದು ಎಂಜಿನಿಯರುಗಳು ಭಾವಿಸುತ್ತಾರೆ. ಕಡಬ ತಾಲೂಕು ಆದ ಕಥೆ ಅವರ ಕಣ್ಣು ತೆರೆಸಬೇಕು. ಕಡಬ ಪೇಟೆ ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಸುಬ್ರಹ್ಮಣ್ಯ ಸುಳ್ಯದಲ್ಲಿತ್ತು. ಈಗ ಎರಡೂ ಕಡಬ ತಾಲೂಕಿನವು. ಹಳೆಯ ಪಟ್ಟಿಯನ್ನು ಉಳಿಸಿಕೊಂಡ ಆ್ಯಪ್‌ನಲ್ಲಿ ಸುಬ್ರಹ್ಮಣ್ಯದವರು ಕಡಬದಡಿ ತಮ್ಮೂರನ್ನು ಹುಡುಕಿ ಸುಸ್ತಾಗುತ್ತಾರೆ. ಪಟ್ಟಿಗೊಂದು ಆವೃತ್ತಿ ಸಂಖ್ಯೆ ಇರಬೇಕು. ನನ್ನಲ್ಲಿರುವುದು ಇಂತಿಷ್ಟನೆಯ ಆವೃತ್ತಿ, ಬದಲಾಗಿದೆಯೇ ಎಂದು ಫೋನು ಕೇಳಿದರೆ, ಬದಲಾಗದಿದ್ದಾಗ ಸರ್ವರ್ 304 ಎಂಬ ಪುಟ್ಟ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ವೆಬ್‌ನ ಈ ಏರ್ಪಾಡು ಹಳೆಯದು, ಉಚಿತ, ನಿಧಾನದ ನೆಟ್‌ವರ್ಕ್‌ಗೆ ಹೇಳಿ ಮಾಡಿಸಿದ್ದು. ದಾಖಲೆಗಳನ್ನು ಊರಿನ ಹೆಸರಿಗೆ ಜೋಡಿಸದೆ ಗ್ರಾಮದ ಸ್ಥಿರ ಸಂಖ್ಯೆಗೆ ಜೋಡಿಸಿದರೆ ತಾಲೂಕು ಬದಲಾದರೂ ಹಳೆಯ ದಾಖಲೆ ಅನಾಥವಾಗುವುದಿಲ್ಲ.

ಅಡಿಕೆಗೆ ಮದ್ದು ಬಿಡುವ ವಿಧಾನದಂಥ ಮಾಹಿತಿ ಇದಕ್ಕಿಂತಲೂ ಸ್ಥಿರ. ಕೊಳೆರೋಗಕ್ಕೆ ಶೇ 1ರ ಬೋರ್ಡೊ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ವಾರಕ್ಕೊಮ್ಮೆ ಬದಲಾಗದು. ಇಂಥದ್ದನ್ನು ಕ್ಯಾಶೆಗೆ ಹಾಕುವ ಯೋಚನೆಯೇ ಬೇಡ, ಆ್ಯಪ್‌ನ ಜೊತೆಗೇ ಕಳುಹಿಸಿಬಿಡಬೇಕು. ತುಂಬಿಸಿಟ್ಟ ಎಸ್‌ಕ್ಯೂಲೈಟ್ ಕಡತವನ್ನು ಆ್ಯಪ್‌ನೊಳಗೆ ಇಟ್ಟು ಮೊದಲ ಬಾರಿ ತೆರೆದಾಗಲೇ ಬಳಸುವ ಅನುಕೂಲ ರೂಮ್‌ನಲ್ಲಿದೆ.

ಹಳತಾದರೆ ಜೀವಕ್ಕೇ ಅಪಾಯ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಈ ಭಾಗದ ಸಿಡಿಲು ಎಂಥದ್ದೆಂದು ಗೊತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲು ಬಡಿಯುತ್ತಿದೆಯೇ ಎಂದು ತಿಳಿಸುತ್ತದೆ. ಇಂಥ ಮಾಹಿತಿಯ ಆಯಸ್ಸು ನಿಮಿಷಗಳದ್ದು. ಅರ್ಧ ಗಂಟೆ ಹಿಂದೆ ಉಳಿಸಿಟ್ಟ ‘ಅಪಾಯವಿಲ್ಲ’ ಎಂಬ ಪರದೆಯನ್ನು ನಂಬಿ ಒಬ್ಬರು ತೋಟಕ್ಕೆ ಹೋದರೆ ಆ ಆ್ಯಪ್ ಇಲ್ಲದಿದ್ದರೇ ಒಳ್ಳೆಯದಿತ್ತು. ಎಚ್ಚರಿಕೆಯ ಮಾಹಿತಿಯನ್ನು ಉಳಿಸಿಡುವುದಾದರೆ ಅದರ ಜೊತೆ ಅದು ಮುಗಿಯುವ ಗಳಿಗೆಯನ್ನೂ ಬರೆಯಬೇಕು. ಆ ಗಳಿಗೆ ದಾಟಿದ ಕೂಡಲೇ ಹಳೆಯದನ್ನು ತೆಗೆದು, ಈಗಿನ ಮಾಹಿತಿ ಸಿಗುತ್ತಿಲ್ಲ ಎಂದು ನೇರವಾಗಿ ಹೇಳಬೇಕು. ಧಾರಣೆಗೆ ಹಳೆಯದು ಏನೂ ಇಲ್ಲದ್ದಕ್ಕಿಂತ ಮೇಲು, ಸಿಡಿಲಿಗೆ ಹಳೆಯದಕ್ಕಿಂತ ಏನೂ ಇಲ್ಲದಿರುವುದೇ ಮೇಲು. ಒಂದೇ ಆ್ಯಪ್‌ನೊಳಗೆ ಎರಡಕ್ಕೂ ಒಂದೇ ನಿಯಮ ಹಾಕಿದರೆ ಎರಡರಲ್ಲೊಂದು ಕೆಡುತ್ತದೆ.

ಅಳಿದರೆ ಮತ್ತೆ ಬಾರದ್ದು

ಸುಳ್ಯ, ಪುತ್ತೂರು ಕಡೆಯ ಅನೇಕ ಕೃಷಿಕರ ಮನೆಯಂಗಳದಲ್ಲಿ ಮಳೆಮಾಪಕ ಇದೆ. ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಕೆಲವರಲ್ಲಿ ದಶಕಗಳಷ್ಟು ಹಳೆಯದು. ಅದನ್ನೀಗ ಫೋನಿನಲ್ಲಿ ಬರೆಯುವವರು ಹೆಚ್ಚುತ್ತಿದ್ದಾರೆ. ಕಳೆದ ಜುಲೈಯ ಒಂದು ದಿನ ಆ ಅಂಗಳದಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂಬುದು ಪ್ರಪಂಚದ ಬೇರೆ ಯಾವ ಸರ್ವರಿನಲ್ಲೂ ಇಲ್ಲ. ಅಳಿದರೆ ಅದು ಹೋಯಿತೆಂದೇ ಲೆಕ್ಕ. ಬೆಳೆ ಸಮೀಕ್ಷೆಯ ಇನ್ನೂ ಕಳುಹಿಸದ ಫೋಟೊ, ಆಶಾ ಕಾರ್ಯಕರ್ತೆ ಮನೆಮನೆ ತಿರುಗಿ ಬರೆದ ವಿವರ, ಗುಡ್ಡ ಕುಸಿದ ಜಾಗದಲ್ಲಿ ಗ್ರಾಮ ಆಡಳಿತಾಧಿಕಾರಿ ದಾಖಲಿಸಿದ ನಷ್ಟ, ಎಲ್ಲವೂ ಇದೇ ಸಾಲಿನವು. ಇವು ಬಳಕೆದಾರನ ಕೈಯಲ್ಲಿ ಹುಟ್ಟಿದ ಮಾಹಿತಿ. ಕ್ಯಾಶೆಯ ಹತ್ತಿರಕ್ಕೂ ಇವು ಸುಳಿಯಬಾರದು.

ಇವಕ್ಕೆ ನಾನು ಒಪ್ಪುವ ದಾರಿ ಇಷ್ಟು. ‘ಸೇವ್’ ಒತ್ತಿದ ಕೂಡಲೇ ದಾಖಲೆ ಎಸ್‌ಕ್ಯೂಲೈಟ್‌ಗೆ ಹೋಗಬೇಕು, ಫೋಟೊ ಆ್ಯಪ್‌ನ ಶಾಶ್ವತ ಫೋಲ್ಡರಿಗೆ ಹೋಗಬೇಕು. ನೆಟ್‌ವರ್ಕ್ ಇದೆಯೋ ಇಲ್ಲವೋ ಎಂಬ ವಿಚಾರ ಆಮೇಲಿನದು. ಪ್ರತಿ ದಾಖಲೆಗೂ ಫೋನೇ ಒಂದು ವಿಶಿಷ್ಟ ಗುರುತು ಸಂಖ್ಯೆ ಕೊಡಬೇಕು. ಕಳುಹಿಸುವಾಗ ನಡುವೆ ಸಿಗ್ನಲ್ ಹೋಗಿ ಅದೇ ದಾಖಲೆ ಎರಡು ಸಲ ತಲುಪಿದರೂ, ಆ ಸಂಖ್ಯೆ ನೋಡಿ ಸರ್ವರ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಕಳುಹಿಸುವ ಹೊಣೆಯನ್ನು ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಬಹುದು. ಫೋನ್ ಆಫ್ ಆಗಿ ಆನ್ ಆದರೂ ಅದು ಕೆಲಸ ಮರೆಯುವುದಿಲ್ಲ, ನೆಟ್‌ವರ್ಕ್ ಬಂದಾಗ ಮುಂದುವರಿಸುತ್ತದೆ. ಸರ್ವರಿನಿಂದ ತಲುಪಿದೆ ಎಂಬ ಉತ್ತರ ಬರುವ ತನಕ ಫೋನಿನ ಪ್ರತಿಯನ್ನು ಮುಟ್ಟಬಾರದು. ಎಷ್ಟು ದಾಖಲೆ ಕಳುಹಿಸಲು ಬಾಕಿ ಇದೆ ಎಂದು ಮೊದಲ ಪರದೆಯಲ್ಲೇ ಕನ್ನಡದಲ್ಲಿ ಕಾಣಬೇಕು. ಬಾಕಿ ಇರುವಾಗ ಲಾಗ್‌ಔಟ್ ಒತ್ತಿದರೆ ಆ್ಯಪ್ ತಡೆದು ಎಚ್ಚರಿಸಬೇಕು.

ಇಲ್ಲಿ ಒಂದು ಗುಪ್ತ ಹೊಂಡ ಇದೆ. ಆ್ಯಪ್ ಅಪ್‌ಡೇಟ್ ಆದಾಗ ಕೋಶದ ರಚನೆಯೂ ಬದಲಾಗುವುದುಂಟು. ಹಳೆಯ ರಚನೆಯಿಂದ ಹೊಸದಕ್ಕೆ ದಾಖಲೆಗಳನ್ನು ಸಾಗಿಸುವ ಸೂಚನೆಗಳನ್ನು ಬರೆಯುವುದು ಬೇಸರದ ಕೆಲಸ. ಅದನ್ನು ತಪ್ಪಿಸಲು, ಹಳೆಯದನ್ನು ಪೂರ್ತಿ ಅಳಿಸಿ ಹೊಸ ಕೋಶ ಕಟ್ಟುವ ಒಂದು ಸಾಲಿನ ಆಯ್ಕೆ ರೂಮ್‌ನಲ್ಲಿದೆ. ಧಾರಣೆಯ ಕೋಶಕ್ಕೆ ಅದರಿಂದ ನಷ್ಟವಿಲ್ಲ, ನಾಳೆ ಮತ್ತೆ ತುಂಬುತ್ತದೆ. ಅದೇ ಕೋಶದಲ್ಲಿ ಮಳೆ ಲೆಕ್ಕವೂ ಇದ್ದರೆ ವರ್ಷಗಳ ದಾಖಲೆ ಒಂದು ಅಪ್‌ಡೇಟ್‌ನಲ್ಲಿ ನಾಶವಾಗುತ್ತದೆ. ಆದ್ದರಿಂದ ಎರಡು ಬೇರೆ ಬೇರೆ ಕೋಶಗಳಿರಲಿ, ಮತ್ತೆ ತರಬಹುದಾದದ್ದು ಒಂದರಲ್ಲಿ, ಮತ್ತೆ ಬಾರದ್ದು ಇನ್ನೊಂದರಲ್ಲಿ. ಎರಡನೆಯದಕ್ಕೆ ಅಳಿಸುವ ಆಯ್ಕೆಯನ್ನು ಯಾರೂ ಬಳಸದಂತೆ ತಂಡದಲ್ಲೇ ನಿಯಮ ಮಾಡಬೇಕು. ಫೋನೇ ನೀರಿಗೆ ಬಿದ್ದರೆ ಏನು ಮಾಡುವುದು? ಅದಕ್ಕೆಂದು ದಾಖಲೆಗಳನ್ನು ಒಂದು ಕಡತವಾಗಿ ತೆಗೆದು ಬೇರೆಡೆ ಇಡುವ ಬಟನ್ ಕೂಡ ಬೇಕು. ಆಂಡ್ರಾಯ್ಡ್‌ನ ತಾನಾಗಿ ಆಗುವ ಬ್ಯಾಕಪ್ ಒಂದು ಆ್ಯಪ್‌ಗೆ ಕೊಡುವುದು 25 ಎಂಬಿ ಮಾತ್ರ. ಮಳೆ ಲೆಕ್ಕಕ್ಕೆ ಅದು ಧಾರಾಳ, ಫೋಟೊಗಳಿಗೆ ಸಾಲದು.

ಲಾಗಿನ್ ಗುರುತು, ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳಿಗೆ ಮೂರನೆಯ ಪ್ರಶ್ನೆ ಬರುತ್ತದೆ, ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಬೇಕಾಗಿಲ್ಲದ್ದನ್ನು ಉಳಿಸಲೇಬಾರದು. ಉಳಿಸಲೇಬೇಕಾದ್ದನ್ನು ಆಂಡ್ರಾಯ್ಡ್‌ನ ಕೀಸ್ಟೋರ್, ಐಫೋನಿನ ಕೀಚೈನ್ ನೆರವಿನಿಂದ ಗೂಢಲಿಪಿಯಲ್ಲಿ ಇಡಬೇಕು.

ಕನ್ನಡದ ಪದ ಹುಡುಕುವಾಗ

ಕನ್ನಡದ ಮಾಹಿತಿಗೆ ಕೋಶ ಆರಿಸುವವರು ತಿಳಿದಿರಬೇಕಾದ ಸಂಗತಿಗಳು ಎರಡು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ಅಡಿಕೆ’ಯಲ್ಲಿ ಎರಡು ಸ್ವರಚಿಹ್ನೆ ಸೇರಿ 5 ಚಿಹ್ನೆಗಳು, ಒಟ್ಟು 15 ಬೈಟ್. ಹಾಗಿದ್ದರೂ ಇಡೀ ಕೃಷಿ ಕೈಪಿಡಿಯ ಪಠ್ಯ ಕೆಲವು ಫೋಟೊಗಳಿಗಿಂತ ಚಿಕ್ಕದೇ. ಪಠ್ಯವನ್ನು ಧಾರಾಳವಾಗಿ ಇಡಿ, ಚಿತ್ರಗಳನ್ನು ಕುಗ್ಗಿಸಿ ಇಡಿ.

ಎರಡನೆಯ ಸಂಗತಿ ಹೆಚ್ಚು ಮುಖ್ಯ. ಎಸ್‌ಕ್ಯೂಲೈಟ್‌ನ ಈಚಿನ ಪೂರ್ಣಪಠ್ಯ ಹುಡುಕಾಟ ಮೊದಲೇ ಹಾಕಿಟ್ಟ ನಿಯಮದಂತೆ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳು ಅದಕ್ಕೆ ಪದ ಕತ್ತರಿಸುವ ಜಾಗಗಳು. ಅದರ ಕಣ್ಣಿಗೆ ‘ಕೊಳೆ’ ಎಂದರೆ ಕ, ಳ. ‘ಕಾಳು’ ಎಂದರೂ ಕ, ಳ. ಕೊಳೆಗೆ ಮದ್ದು ಹುಡುಕಿದವರಿಗೆ ಕಾಳುಮೆಣಸಿನ ಪುಟವೂ ಎದುರಾಗುತ್ತದೆ. ಸ್ವರಚಿಹ್ನೆಗಳ ವರ್ಗವನ್ನೂ ಪದದೊಳಗೆ ಸೇರಿಸಬೇಕೆಂದು ಹುಡುಕಾಟದ ಕೋಷ್ಟಕ ಮಾಡುವಾಗಲೇ ಒಂದು ಸಾಲು ಬರೆದರೆ ಇದು ಸರಿಹೋಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿ ಬಿಡುಗಡೆ ಮಾಡುವ ತಂಡಕ್ಕೆ ಇದು ಕಾಣಿಸುವುದೇ ಇಲ್ಲ.

ಹೊಸದರ ಆಕರ್ಷಣೆ, ಹಳೆಯದರ ಬಾಳಿಕೆ

ಹೆಚ್ಚು ಜನಪ್ರಿಯವಾಗುವ ಹೊಸ ಸಂಗ್ರಹ ತಂತ್ರಾಂಶಗಳು ಬರುತ್ತಲೇ ಇರುತ್ತವೆ. ಫೋನಿನ ಕೋಶವನ್ನು ಸರ್ವರಿನೊಂದಿಗೆ ತಾನಾಗಿ ಹೊಂದಿಸುವ ಅನುಕೂಲಕ್ಕೆ ಅನೇಕರು ರೆಲ್ಮ್ ಆರಿಸಿದ್ದರು. ಆ ಹೊಂದಾಣಿಕೆಯ ಸೇವೆಯನ್ನು ನಿಲ್ಲಿಸುವುದಾಗಿ ಅದರ ಒಡೆತನದ ಮೊಂಗೊಡಿಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ದೊಡ್ಡ ಕಂಪನಿಗಳು ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವ ನಾಲ್ವರು ಊರಿನ ಸಹಕಾರ ಸಂಘಕ್ಕೆ ಆ್ಯಪ್ ಮಾಡಿಕೊಟ್ಟು, ಪದವಿ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಎಸ್‌ಕ್ಯೂಲೈಟ್ ತಂಡ 2050ರ ತನಕ ಅದನ್ನು ಪೋಷಿಸುವ ಉದ್ದೇಶ ಹೇಳಿಕೊಂಡಿದೆ. ನೋಡಿಕೊಳ್ಳುವವರಿಲ್ಲದೆಯೂ ಬಾಳಬೇಕಾದ ಊರಿನ ಆ್ಯಪ್‌ಗೆ ಈ ದೀರ್ಘಾಯುಷ್ಯವೇ ದೊಡ್ಡ ಅರ್ಹತೆ.

ಬಿಡುಗಡೆಗೆ ಮುನ್ನ

ಆ್ಯಪ್ ಕಟ್ಟುವವರೂ, ಕಟ್ಟಿಸಿಕೊಳ್ಳುವ ಸಂಘ ಮತ್ತು ಇಲಾಖೆಗಳೂ ಹಣ ಕೈಬದಲಾಗುವ ಮುನ್ನ ಒಂದು ಪರೀಕ್ಷೆ ನಡೆಸಲಿ. ಕಡಿಮೆ ಬೆಲೆಯ, ಜಾಗ ತುಂಬಿದ ಫೋನೊಂದನ್ನು ತೆಗೆದುಕೊಂಡು ನೆಟ್‌ವರ್ಕ್ ಬಂದ್ ಮಾಡಿ ಹತ್ತು ದಾಖಲೆ ಬರೆಯಿರಿ, ಫೋಟೊ ಸಹಿತ. ಕ್ಯಾಶೆ ತೆರವುಗೊಳಿಸಿ. ಫೋನನ್ನು ಆಫ್ ಮಾಡಿ ಆನ್ ಮಾಡಿ. ಆ್ಯಪ್‌ನ ಹೊಸ ಆವೃತ್ತಿಯನ್ನು ಅದರ ಮೇಲೆ ಹಾಕಿ. ಆಮೇಲೆ ನೆಟ್‌ವರ್ಕ್ ಕೊಟ್ಟು, ಕಳುಹಿಸುವ ಮಧ್ಯದಲ್ಲಿ ಎರಡು ಸಲ ಕತ್ತರಿಸಿ. ಸರ್ವರಿನಲ್ಲಿ ಹತ್ತೇ ದಾಖಲೆ ಇದ್ದರೆ ಆ್ಯಪ್ ಪಾಸ್. ಒಂಬತ್ತಿದ್ದರೆ ಯಾರದ್ದೋ ಬೆಳೆ ಕಳೆದುಹೋಗಿದೆ, ಹನ್ನೊಂದಿದ್ದರೆ ಯಾರದ್ದೋ ಲೆಕ್ಕ ಎರಡಾಗಿದೆ. ಈ ಪರೀಕ್ಷೆಯನ್ನು ಟೆಂಡರಿನ ಷರತ್ತಿನಲ್ಲೇ ಬರೆಯುವಂತೆ ಜಿಲ್ಲಾಡಳಿತ ಮನಸ್ಸು ಮಾಡಬೇಕು. ಇದಕ್ಕೆ ತಗಲುವುದು ಒಂದು ಮಧ್ಯಾಹ್ನ. ಇದನ್ನು ಮಾಡದೆ ಬಿಡುಗಡೆಯಾದ ಆ್ಯಪ್‌ನ ನಷ್ಟವನ್ನು, ತಾನು ಒತ್ತಿದ ‘ಸೇವ್’ ಬಟನ್ ನಂಬಿ ಮನೆಗೆ ಮರಳಿದ ರೈತ ಒಬ್ಬನೇ ಹೊರಬೇಕಾಗುತ್ತದೆ. ಆ ನಂಬಿಕೆಯನ್ನು ಉಳಿಸುವುದು ಆ್ಯಪ್ ಬರೆಯುವವರ ಮೊದಲ ಕರ್ತವ್ಯ.